ಒಳಾಂಗಣದಲ್ಲಿ ಗಿಡ ಬೆಳೆಸುವ ಕೋಣೆಗೆ ಮರ ಬಳಸಬಹುದೇ?

ಪ್ರಶ್ನೆ: ಮನೆಯ ಒಂದು ಸಣ್ಣ ಕೋಣೆಯಲ್ಲಿ ದೀಪದ ಬೆಳಕಿನಲ್ಲೇ ಸೊಪ್ಪು, ಟೊಮೆಟೊ ಮತ್ತು ಮೆಣಸಿನ ಸಸಿಗಳನ್ನು ಬೆಳೆಸುತ್ತಿದ್ದೇನೆ. ಚೌಕಟ್ಟನ್ನು ಮರದ ರೀಪುಗಳಿಂದ ಮಾಡಿಸಿದ್ದೇನೆ. ಶೆಲ್ಫ್‌ಗಳಿಗೆ ಹಳೆಯ ಬೀರುವಿನ ಪಾರ್ಟಿಕಲ್ ಬೋರ್ಡ್ ಹಾಕಿದ್ದೇನೆ. ಮರ ಬೂಷ್ಟು ಹಿಡಿಯುತ್ತದೆ, ದೀಪದ ಶಾಖಕ್ಕೆ ಹೊತ್ತಿಕೊಳ್ಳುತ್ತದೆ, ಮರಕ್ಕೆ ಬಳಿದ ರಾಸಾಯನಿಕಗಳು ಗಿಡಗಳಿಗೆ ವಿಷವಾಗುತ್ತವೆ ಎಂದು ಹಲವರು ಹೇಳುತ್ತಿದ್ದಾರೆ. ಈಗ ಚೌಕಟ್ಟಿನ ಒಂದು ಕಾಲಿನ ಬುಡ ಕಪ್ಪಾಗಿದೆ. ಎಲ್ಲವನ್ನೂ ಬಿಚ್ಚಿ ಲೋಹದಲ್ಲಿ ಅಥವಾ ಪ್ಲಾಸ್ಟಿಕ್‌ನಲ್ಲಿ ಮಾಡಿಸಬೇಕೇ?

ಉತ್ತರ: ಎಲ್ಲವನ್ನೂ ಬಿಚ್ಚಬೇಕಾಗಿಲ್ಲ. ಚೆನ್ನಾಗಿ ಒಣಗಿದ, ಗಟ್ಟಿಯಾದ, ಯಾವ ರಾಸಾಯನಿಕವನ್ನೂ ಕುಡಿಯದ ಮರದ ರೀಪುಗಳು ಗಿಡಗಳಿರುವ ಕೋಣೆಗೆ ತಾವಾಗಿಯೇ ಅಪಾಯ ತರುವುದಿಲ್ಲ. ಗಾಜುಮನೆಗಳ ಚೌಕಟ್ಟುಗಳನ್ನೂ ಸಸಿ ಜೋಡಿಸುವ ಮೇಜುಗಳನ್ನೂ ಬಹುಕಾಲದವರೆಗೆ ಮರದಿಂದಲೇ ಮಾಡುತ್ತಿದ್ದರು. ಪಾರ್ಟಿಕಲ್ ಬೋರ್ಡಿನ ಹಲಗೆಗಳ ವಿಷಯ ಬೇರೆ. ಅವನ್ನು ತಡಮಾಡದೆ ತೆಗೆದುಹಾಕಿ. ಕಪ್ಪಾಗಿರುವ ಕಾಲನ್ನು ಪರೀಕ್ಷಿಸದೆ ಏನನ್ನೂ ತೀರ್ಮಾನಿಸಬೇಡಿ. ನಿಮಗೆ ಜನ ಹೇಳಿರುವ ಮೂರು ಭಯಗಳಿಗೂ ಆಧಾರವಿದೆ, ಆದರೆ ಮೂರಕ್ಕೂ ಮರವೊಂದನ್ನೇ ಹೊಣೆ ಮಾಡುವುದು ಸರಿಯಲ್ಲ: ಬೂಷ್ಟಿನ ಮೂಲ ಕೋಣೆಯ ತೇವದಲ್ಲಿದೆ, ಬೆಂಕಿಯ ಮೂಲ ದೀಪ ಮತ್ತು ತಂತಿಗಳಲ್ಲಿದೆ, ವಿಷದ ಮೂಲ ಮರಕ್ಕೆ ಬಳಿದ ಅಥವಾ ಅದರೊಳಗೆ ಸೇರಿಸಿದ ವಸ್ತುವಿನಲ್ಲಿದೆ. ಮೂರನ್ನೂ ಬಿಡಿಬಿಡಿಯಾಗಿ ನೋಡಿದರೆ ಯಾವುದನ್ನು ಉಳಿಸಿಕೊಳ್ಳಬೇಕು, ಯಾವುದನ್ನು ಬದಲಿಸಬೇಕು ಎಂಬುದು ಸ್ಪಷ್ಟವಾಗುತ್ತದೆ.

ತೇವದಿಂದ ಆರಂಭಿಸುತ್ತೇನೆ, ಏಕೆಂದರೆ ಇಂತಹ ಕೋಣೆಗಳಲ್ಲಿ ಮರ ಹಾಳಾಗುವುದು ಬಹುಪಾಲು ಅದರಿಂದಲೇ. ಮರ ತನ್ನ ಸುತ್ತಲಿನ ಗಾಳಿಯಿಂದ ತೇವವನ್ನು ಹೀರಿಕೊಳ್ಳುತ್ತದೆ, ಗಾಳಿ ಒಣಗಿದಾಗ ಮರಳಿ ಬಿಟ್ಟುಕೊಡುತ್ತದೆ. ಗಾಳಿಯ ಸಾಪೇಕ್ಷ ಆರ್ದ್ರತೆ, ಅಂದರೆ ಆ ಉಷ್ಣತೆಯಲ್ಲಿ ಗಾಳಿ ಹಿಡಿಯಬಲ್ಲ ನೀರಾವಿಯಲ್ಲಿ ಈಗ ಇರುವ ಪಾಲು, ಶೇ 50ರಷ್ಟಿದ್ದರೆ ಮರದೊಳಗಿನ ತೇವಾಂಶ ಸುಮಾರು ಶೇ 9ಕ್ಕೆ ಬಂದು ನಿಲ್ಲುತ್ತದೆ. ಆರ್ದ್ರತೆ ಶೇ 65 ಆದರೆ ಅದು ಶೇ 12ರ ಆಸುಪಾಸಿಗೆ, ಶೇ 80 ಆದರೆ ಶೇ 16ರ ಆಸುಪಾಸಿಗೆ ಏರುತ್ತದೆ, ಶೇ 90ರ ಆರ್ದ್ರತೆ ಬಹುದಿನ ನಿಂತರೆ ಶೇ 20 ಮುಟ್ಟುತ್ತದೆ. ಮರವನ್ನು ಕೊಳೆಸುವ ಶಿಲೀಂಧ್ರಗಳಿಗೆ ಇಷ್ಟು ತೇವ ಸಾಲದು. ಮರದ ಕೋಶಗಳ ಗೋಡೆಗಳು ತೇವವನ್ನು ತುಂಬಿಕೊಂಡು, ಇನ್ನು ಹಿಡಿಸದಷ್ಟಾಗಿ, ಕೋಶಗಳೊಳಗೆ ಬಿಡಿ ನೀರು ನಿಲ್ಲತೊಡಗುವ ಹಂತ ಬರುವುದು ತೇವಾಂಶ ಶೇ 28ರಿಂದ 30 ಆದಾಗ, ಮತ್ತು ಕೊಳೆಯುವಿಕೆ ಚುರುಕಾಗುವುದು ಆ ಹಂತವನ್ನು ಮುಟ್ಟಿದ ಮೇಲೆ. ಅಂತರವಿರಲಿ ಎಂದು ಶೇ 20ನ್ನು ಮೇಲಿನ ಮಿತಿಯಾಗಿ ಇಟ್ಟುಕೊಳ್ಳುವುದು ರೂಢಿ. ಅಂದರೆ ಗಾಳಿಯಲ್ಲಿರುವ ತೇವವೊಂದೇ ನಿಮ್ಮ ಚೌಕಟ್ಟನ್ನು ಕೊಳೆಸುವುದು ಅಪರೂಪ. ಚೆಲ್ಲಿದ ನೀರು, ಸೋರಿದ ನೀರು, ಮೇಲ್ಮೈಯಲ್ಲಿ ಹನಿಗಟ್ಟಿದ ನೀರು, ಹೀಗೆ ದ್ರವರೂಪದ ನೀರು ಒಂದೇ ಜಾಗದಲ್ಲಿ ದಿನಗಟ್ಟಲೆ ನಿಲ್ಲಬೇಕು. ಆಗ ಮಾತ್ರ ಮರ ಕೊಳೆಯುತ್ತದೆ.

ಮೇಲ್ಮೈಯ ಬೂಷ್ಟಿಗೆ ಇಷ್ಟೆಲ್ಲ ನೀರು ಬೇಕಿಲ್ಲ. ಮರದ ಮೈಗೆ ತಾಗಿದ ಗಾಳಿಯ ಆರ್ದ್ರತೆ ಶೇ 80ನ್ನು ಮೀರಿ ಹಲವು ದಿನ ನಿಂತರೆ ಸಾಕು, ಹೊರಭಾಗದ ಬಿಳಿ ಮರದಲ್ಲಿ ಉಳಿದಿರುವ ಸಕ್ಕರೆ ಮತ್ತು ಪಿಷ್ಟವನ್ನು ತಿಂದು ಬೂಷ್ಟು ಬೆಳೆಯತೊಡಗುತ್ತದೆ. ಹಗಲಿನಲ್ಲಿ ಆರ್ದ್ರತೆ ಶೇ 60ರಷ್ಟೇ ಇದೆಯಲ್ಲ ಎಂದು ನೆಮ್ಮದಿಯಿಂದಿರುವವರು ದೀಪ ಆರಿದ ಮೇಲೆ ಏನಾಗುತ್ತದೆ ಎಂಬುದನ್ನು ಗಮನಿಸುವುದಿಲ್ಲ. 26 ಡಿಗ್ರಿ ಸೆಲ್ಸಿಯಸ್‌ನಲ್ಲಿ ಶೇ 60 ಆರ್ದ್ರತೆಯಿರುವ ಗಾಳಿ, ತನ್ನಲ್ಲಿರುವ ನೀರಾವಿಯನ್ನು ಸ್ವಲ್ಪವೂ ಕಳೆದುಕೊಳ್ಳದೆ 18 ಡಿಗ್ರಿಗೆ ತಣಿದರೆ, ಅದೇ ಗಾಳಿಯ ಆರ್ದ್ರತೆ ಶೇ 98ರ ಸಮೀಪಕ್ಕೆ ಬರುತ್ತದೆ. ಇನ್ನರ್ಧ ಡಿಗ್ರಿ ತಣ್ಣಗಾದ ಗೋಡೆ, ಕೊಳವೆ ಅಥವಾ ಲೋಹದ ಕಂಬದ ಮೇಲೆ ನೀರು ಹನಿಗಟ್ಟುತ್ತದೆ. ಮರದ ವಿಷಯದಲ್ಲಿ ಒಂದು ಅನುಕೂಲವೂ ಇದೆ: ಅದು ಶಾಖವನ್ನು ನಿಧಾನವಾಗಿ ಸಾಗಿಸುವುದರಿಂದ ಲೋಹದಂತೆ ಬೇಗ ತಣ್ಣಗಾಗುವುದಿಲ್ಲ, ಅದರ ಮೇಲೆ ಹನಿಗಟ್ಟುವುದು ಕಡಿಮೆ. ಆದರೆ ಹೊರಗೋಡೆಗೆ ಒತ್ತಿಕೊಂಡಂತೆ ನಿಲ್ಲಿಸಿದ ಹಲಗೆಯ ಹಿಂಬದಿಗೆ ಈ ಅನುಕೂಲ ಸಿಗುವುದಿಲ್ಲ. ಅಲ್ಲಿ ಗೋಡೆಯೇ ತಣ್ಣಗಿರುತ್ತದೆ, ಗಾಳಿಯಾಡುವುದಿಲ್ಲ, ಕಣ್ಣಿಗೂ ಬೀಳುವುದಿಲ್ಲ. ಚೌಕಟ್ಟು ಮತ್ತು ಗೋಡೆಯ ನಡುವೆ ಕೈ ತೂರುವಷ್ಟಾದರೂ ಜಾಗ ಬಿಡಿ.

ನೀವು ಹಾಕಿದ ನೀರು ಎಲ್ಲಿಗೆ ಹೋಗುತ್ತದೆ ಎಂಬುದನ್ನೂ ಲೆಕ್ಕ ಹಾಕಬೇಕು. ಗಿಡ ತನ್ನ ಮೈಕಟ್ಟಿಗೆ ಉಳಿಸಿಕೊಳ್ಳುವುದು ಅದರಲ್ಲಿ ಅತ್ಯಲ್ಪ ಭಾಗವನ್ನು ಮಾತ್ರ. ಬೇರು ಹೀರಿದ ನೀರಿನಲ್ಲಿ ಶೇ 97ಕ್ಕೂ ಹೆಚ್ಚು ಎಲೆಗಳ ಮೂಲಕ ಆವಿಯಾಗಿ ಗಾಳಿ ಸೇರುತ್ತದೆ, ಮಣ್ಣಿನ ಮೇಲ್ಮೈಯಿಂದಲೂ ಒಂದಿಷ್ಟು ಆವಿಯಾಗುತ್ತದೆ. ದಿನಕ್ಕೆ 3 ಲೀಟರ್ ನೀರು ಹಾಕಿದರೆ, ಹೆಚ್ಚುಕಡಿಮೆ 3 ಲೀಟರ್ ನೀರನ್ನೂ ಕೋಣೆಯ ಗಾಳಿಯಲ್ಲಿ ಹರಡಿದಂತೆಯೇ. ಆ ನೀರಾವಿಗೆ ಹೊರಹೋಗುವ ದಾರಿ ಇಲ್ಲದಿದ್ದರೆ ಚೌಕಟ್ಟನ್ನು ಯಾವ ವಸ್ತುವಿನಿಂದ ಕಟ್ಟಿದರೂ ಕೋಣೆಯ ಸುಣ್ಣ, ಬಟ್ಟೆ, ಕಿಟಕಿಯ ಚೌಕಟ್ಟು ಎಲ್ಲವೂ ಬೂಷ್ಟು ಹಿಡಿಯುತ್ತವೆ. ಗಾಳಿಯನ್ನು ಹೊರಗೆ ಎಳೆಯುವ ಫ್ಯಾನು ರಾತ್ರಿಯೂ ಓಡಬೇಕು. ದೀಪದ ಜೊತೆಗೇ ಅದನ್ನೂ ಆರಿಸುವ ಅಭ್ಯಾಸ ಬಹಳ ಮನೆಗಳಲ್ಲಿದೆ, ಆರಿಸಬಾರದ ಸಮಯವೇ ಅದು. ಆರ್ದ್ರತೆ ಅಳೆಯುವ ಸಾಧನವನ್ನು ಕೋಣೆಯ ನಡುವೆ ತೂಗುಹಾಕದೆ, ಗಾಳಿ ಕಡಿಮೆ ಆಡುವ ಮೂಲೆಯಲ್ಲಿ, ಎಲೆಗಳ ದಟ್ಟಣೆಯ ಹಿಂದೆ ಇಟ್ಟು, ಬೆಳಗ್ಗೆ ದೀಪ ಹೊತ್ತುವ ಮುಂಚೆ ಒಮ್ಮೆ ನೋಡಿ. ಆ ಹೊತ್ತಿನ ಅಂಕಿ ಶೇ 75ರೊಳಗೆ ಇದ್ದರೆ ನಿಮ್ಮ ಮರಕ್ಕೆ ಬೂಷ್ಟಿನ ಭಯ ಹೆಚ್ಚಿಲ್ಲ.

ಈಗ ಆ ಕಪ್ಪು ಕಾಲಿನ ವಿಷಯ. ಮರ ನೀರನ್ನು ಎಲ್ಲ ಕಡೆಯಿಂದಲೂ ಒಂದೇ ವೇಗದಲ್ಲಿ ಹೀರುವುದಿಲ್ಲ. ಮರ ಬದುಕಿದ್ದಾಗ ಬೇರಿನಿಂದ ನೀರನ್ನು ಮೇಲಕ್ಕೆ ಸಾಗಿಸುತ್ತಿದ್ದ ಸಣ್ಣ ನಾಳಗಳು ಉದ್ದಕ್ಕೆ ಇರುತ್ತವೆ. ಅಡ್ಡಲಾಗಿ ಕೊಯ್ದ ತುದಿಯಲ್ಲಿ ಆ ನಾಳಗಳ ಬಾಯಿಗಳೆಲ್ಲ ತೆರೆದಿರುತ್ತವೆ. ಹೀಗಾಗಿ ಬದಿಯ ಮೇಲೆ ಬಿದ್ದ ನೀರನ್ನು ಒರೆಸಿದರೆ ಮುಗಿಯಿತು, ಆದರೆ ನೆಲಕ್ಕೆ ತಾಗಿ ನಿಂತ ಕಾಲಿನ ತುದಿ ಅಲ್ಲಿ ಚೆಲ್ಲಿದ ಸ್ವಲ್ಪ ನೀರನ್ನೂ ಬದಿಗಿಂತ ಎಷ್ಟೋ ಪಟ್ಟು ವೇಗವಾಗಿ ಮೇಲಕ್ಕೆ ಎಳೆದುಕೊಳ್ಳುತ್ತದೆ. ನಿಮ್ಮ ಕಾಲಿನ ಬುಡ ಕಪ್ಪಾಗಿರುವುದಕ್ಕೆ ಇದೇ ಕಾರಣವಿರುವ ಸಾಧ್ಯತೆ ಹೆಚ್ಚು. ಆದರೂ ಕಪ್ಪಾಗಿದೆ ಎಂದರೆ ಮರ ಕೊಳೆತಿದೆ ಎಂದೇ ಆಗಬೇಕಿಲ್ಲ. ಮೊಳೆ, ಸ್ಕ್ರೂ ಅಥವಾ ಕಬ್ಬಿಣದ ಪಟ್ಟಿಯ ಸುತ್ತ ಮಾತ್ರ ನೀಲಿಗಪ್ಪು ಕಲೆ ಹರಡಿದ್ದು, ಮರ ಮೊದಲಿನಷ್ಟೇ ಗಟ್ಟಿಯಾಗಿದ್ದರೆ ಅದು ಮರದಲ್ಲಿರುವ ಟ್ಯಾನಿನ್ ಎಂಬ ಒಗರು ವಸ್ತು ಒದ್ದೆಯಲ್ಲಿ ಕಬ್ಬಿಣದೊಂದಿಗೆ ಸೇರಿ ಮೂಡಿದ ಬಣ್ಣ. ಚೌಕಟ್ಟಿಗೆ ಅದರಿಂದ ತೊಂದರೆಯಿಲ್ಲ. ಒದ್ದೆ ಬಟ್ಟೆಯಿಂದ ಉಜ್ಜಿದಾಗ ಬಹುಮಟ್ಟಿಗೆ ಅಳಿಸಿಹೋಗುವ ಕಪ್ಪು ಮೇಲ್ಮೈಯ ಬೂಷ್ಟು. ಅದೂ ಮರದ ಬಲವನ್ನು ಕುಗ್ಗಿಸುವುದಿಲ್ಲ. ಕೊಳೆಯನ್ನು ಗುರುತಿಸಲು ಚೂಪಾದ ದಬ್ಬಣವನ್ನೋ ಸಣ್ಣ ಸ್ಕ್ರೂಡ್ರೈವರನ್ನೋ ಆ ಜಾಗಕ್ಕೆ ಓರೆಯಾಗಿ ಚುಚ್ಚಿ ಒಂದು ಸಿಬಿರನ್ನು ಮೇಲಕ್ಕೆ ಎಬ್ಬಿಸಿ ನೋಡಿ. ಗಟ್ಟಿ ಮರದ ಸಿಬಿರು ಉದ್ದಕ್ಕೆ ಸೀಳಿಕೊಂಡು, ಚಟಪಟ ಸದ್ದಿನೊಂದಿಗೆ, ಒಂದು ತುದಿ ಮರಕ್ಕೇ ಅಂಟಿಕೊಂಡಂತೆ ಏಳುತ್ತದೆ. ಕೊಳೆತ ಮರದ ಸಿಬಿರು ಸದ್ದಿಲ್ಲದೆ, ಚುಚ್ಚಿದ ಜಾಗದಲ್ಲೇ ಅಡ್ಡಡ್ಡ ತುಂಡಾಗಿ ಮುರಿದು ಬೀಳುತ್ತದೆ. ಎರಡನೆಯದು ಕಂಡರೆ ಕೆಟ್ಟ ಭಾಗದ ಆಚೆಗೂ ಒಂದು ಗೇಣು ಕೊಯ್ದು ತೆಗೆದು ಹೊಸ ತುಂಡನ್ನು ಜೋಡಿಸಿ. ಮೇಲೆ ಬಣ್ಣ ಬಳಿದು ಮುಚ್ಚುವುದು ಪರಿಹಾರವಲ್ಲ. ಒಳ್ಳೆಯ ಕಾಲುಗಳ ತುದಿಗಳಿಗೂ ಬಣ್ಣವನ್ನು ಹೀರುವಷ್ಟು ಕುಡಿಸಿ, ಪ್ಲಾಸ್ಟಿಕ್ ಅಥವಾ ರಬ್ಬರ್ ಗೊರಸು ಹಾಕಿ ನೆಲದಿಂದ ಒಂದೆರಡು ಸೆಂಟಿಮೀಟರ್ ಎತ್ತರಿಸಿ.

ನೀರು ಅಡಗಿ ಕುಳಿತುಕೊಳ್ಳುವ ಇನ್ನೊಂದು ಜಾಗ ಟ್ರೇಯ ಅಡಿಭಾಗ. ಪ್ಲಾಸ್ಟಿಕ್ ಟ್ರೇಯಿದೆ, ಆದ್ದರಿಂದ ಹಲಗೆ ಒದ್ದೆಯಾಗುವುದಿಲ್ಲ ಎಂದು ಹೆಚ್ಚಿನವರು ಭಾವಿಸುತ್ತಾರೆ. ಟ್ರೇಯ ಅಂಚಿನಿಂದ ಇಳಿದ ನಾಲ್ಕು ಹನಿ ಅದರ ಅಡಿಗೆ ಸೇರಿದರೆ, ಮೇಲೆ ಟ್ರೇ ಕೆಳಗೆ ಹಲಗೆ ಎರಡರ ನಡುವೆ ಸಿಕ್ಕಿಕೊಂಡ ಆ ತೆಳುವಾದ ನೀರಿನ ಪದರಕ್ಕೆ ಆರಿಹೋಗಲು ದಾರಿಯೇ ಇರುವುದಿಲ್ಲ. ಹಲಗೆಯ ಮೇಲೆ ಒಂದೆರಡು ಸೆಂಟಿಮೀಟರ್ ದಪ್ಪದ ಪಟ್ಟಿಗಳನ್ನು ಅಡ್ಡಲಾಗಿ ಇಟ್ಟು ಅವುಗಳ ಮೇಲೆ ಟ್ರೇಗಳನ್ನು ಕೂರಿಸಿದರೆ ಅಡಿಯಲ್ಲಿ ಗಾಳಿಯಾಡುತ್ತದೆ. ಹಲಗೆಯನ್ನೇ ಬಿಟ್ಟು, ನಡುನಡುವೆ ಸಂದು ಬಿಟ್ಟ ಪಟ್ಟಿಗಳಿಂದ ಶೆಲ್ಫ್ ಮಾಡಿಸುವುದು ಇನ್ನೂ ಒಳ್ಳೆಯದು. ನಿಮ್ಮ ಪಾರ್ಟಿಕಲ್ ಬೋರ್ಡಿನ ಬದಲಿಗೆ ನಾನು ಸೂಚಿಸುವುದು ಇದನ್ನೇ.

ಮರದ ಮೇಲಿನ ಬೂಷ್ಟು ಗಿಡಗಳಿಗೆ ಹರಡುತ್ತದೆಯೇ ಎಂಬ ಆತಂಕಕ್ಕೂ ಉತ್ತರ ಹೇಳಬೇಕು. ಮರದ ಮೇಲೆ ಬೆಳೆಯುವ ಸಾಮಾನ್ಯ ಬೂಷ್ಟುಗಳು ಸತ್ತ ವಸ್ತುವನ್ನು ತಿಂದು ಬದುಕುವಂಥವು. ಅವುಗಳಲ್ಲಿ ಬಹುತೇಕ ಯಾವುವೂ ಆರೋಗ್ಯವಾದ ಎಲೆಯ ಮೇಲೆ ಎರಗುವುದಿಲ್ಲ. ಎಲೆಯ ಮೇಲೆ ಬಿಳಿ ಹಿಟ್ಟು ಉದುರಿಸಿದಂತೆ ಕಾಣುವ ಬೂದಿರೋಗದ ಶಿಲೀಂಧ್ರವಂತೂ ಜೀವಂತ ಗಿಡದ ಮೇಲೆ ಮಾತ್ರ ಬೆಳೆಯಬಲ್ಲದು, ಮರದ ಹಲಗೆ ಅದಕ್ಕೆ ಆಹಾರವೇ ಅಲ್ಲ. ಹಾಗಿದ್ದೂ ಮರದ ಮೇಲಿನ ಬೂಷ್ಟನ್ನು ಅಲಕ್ಷಿಸಬೇಡಿ, ಏಕೆಂದರೆ ಮರಕ್ಕೆ ಬೂಷ್ಟು ತರುವಷ್ಟು ತೇವವಿರುವ ಕೋಣೆ ಎಲೆ ಮತ್ತು ಕಾಯಿಗಳನ್ನು ಕೊಳೆಸುವ ಬೊಟ್ರೈಟಿಸ್ ಶಿಲೀಂಧ್ರಕ್ಕೂ ಅನುಕೂಲಕರ. ಮನೆಯಲ್ಲಿ ಆಸ್ತಮಾ ಅಥವಾ ಅಲರ್ಜಿ ಇರುವವರಿದ್ದರೆ ಬೂಷ್ಟಿನ ಕಣಗಳು ಗಿಡಗಳಿಗಿಂತ ಮೊದಲು ಅವರನ್ನೇ ಕಾಡುತ್ತವೆ.

ಇನ್ನು ವಿಷದ ಪ್ರಶ್ನೆ. ಪಾರ್ಟಿಕಲ್ ಬೋರ್ಡ್ ಮತ್ತು ಎಂ.ಡಿ.ಎಫ್. ಎಂಬ ಹಲಗೆಗಳು ಮರದ ಚೂರು ಅಥವಾ ನಾರನ್ನು ಅಂಟಿನಲ್ಲಿ ಕಲಸಿ, ಬಿಸಿಯಲ್ಲಿ ಒತ್ತಿ ಮಾಡಿದಂಥವು. ಅವುಗಳಲ್ಲಿ ಹೆಚ್ಚಾಗಿ ಬಳಸುವ ಅಂಟು ಯೂರಿಯಾ ಫಾರ್ಮಾಲ್ಡಿಹೈಡ್. ಈ ಅಂಟಿನ ಬಂಧಗಳು ನೀರಾವಿ ಮತ್ತು ಶಾಖ ಎರಡೂ ಸೇರಿದಾಗ ನಿಧಾನವಾಗಿ ಒಡೆದು ಫಾರ್ಮಾಲ್ಡಿಹೈಡ್ ಅನಿಲವನ್ನು ಬಿಡುತ್ತವೆ. ಬೆಚ್ಚಗಿದ್ದು ತೇವದಿಂದ ಕೂಡಿದ ನಿಮ್ಮ ಕೋಣೆ ಆ ಬಿಡುಗಡೆಗೆ ಹೇಳಿ ಮಾಡಿಸಿದಂತಿದೆ. ಫಾರ್ಮಾಲ್ಡಿಹೈಡ್ ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತು ಎಂದು ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ತೀರ್ಮಾನಿಸಿತು. ಒಳಾಂಗಣದ ಗಾಳಿಯಲ್ಲಿ ಅದು ಘನಮೀಟರಿಗೆ 0.1 ಮಿಲಿಗ್ರಾಂ ಮೀರಬಾರದೆಂಬುದು, 30 ನಿಮಿಷಗಳ ಸರಾಸರಿಯಾಗಿ, ವಿಶ್ವ ಆರೋಗ್ಯ ಸಂಸ್ಥೆ 2010ರಲ್ಲಿ ಪ್ರಕಟಿಸಿದ ಮಿತಿ. ಹಳೆಯ ಬೀರುವಿನ ಹಲಗೆ ವರ್ಷಗಳಲ್ಲಿ ಬಹಳಷ್ಟು ಅನಿಲವನ್ನು ಕಳೆದುಕೊಂಡಿರುತ್ತದೆ ಎಂಬುದು ನಿಜ, ಆದರೆ ಒದ್ದೆಯಾದಾಗ ಅಂಟು ಹೊಸದಾಗಿ ಒಡೆಯತೊಡಗುತ್ತದೆ. ಇದರಿಂದ ನಿಮ್ಮ ಟೊಮೆಟೊ ಒಣಗುತ್ತದೆ ಎಂದು ನಾನು ಹೇಳುತ್ತಿಲ್ಲ. ಸಾಮಾನ್ಯ ಮಟ್ಟದಲ್ಲಿ ಎಲೆಗಳ ಮೇಲೆ ಅದರ ಗುರುತೇ ಕಾಣದಿರಬಹುದು. ಆ ಕೋಣೆಯಲ್ಲಿ ಉಸಿರಾಡುವ ನೀವು ಮತ್ತು ನಿಮ್ಮ ಮನೆಯವರ ಬಗ್ಗೆ ನನಗೆ ಹೆಚ್ಚು ಚಿಂತೆ. ಇನ್ನೂ ಹತ್ತಿರದ ಅಪಾಯ ಹಲಗೆಯ ಬಲದ್ದು: ನೀರು ಕುಡಿದ ಪಾರ್ಟಿಕಲ್ ಬೋರ್ಡ್ ರೊಟ್ಟಿಯಂತೆ ಉಬ್ಬಿ, ಚೂರುಗಳ ನಡುವಿನ ಹಿಡಿತ ಕಳೆದುಕೊಂಡು, ಒಣಗಿದ ಮೇಲೂ ಮೊದಲಿನ ಸ್ಥಿತಿಗೆ ಮರಳುವುದಿಲ್ಲ. ಅದರ ಮೇಲೆ ನೀರು ತುಂಬಿದ ಟ್ರೇ, ಕೆಳಗೆ ವಿದ್ಯುತ್ ದೀಪ ಇರುವ ವ್ಯವಸ್ಥೆ ಒಂದು ದಿನವೂ ಮುಂದುವರಿಯಬಾರದು.

ಪ್ಲೈವುಡ್‌ನಲ್ಲಿ ಎಲ್ಲವೂ ಒಂದೇ ಅಲ್ಲ. ಒಣ ಜಾಗದ ಪೀಠೋಪಕರಣಗಳಿಗೆ ಮಾಡಿದ ಅಗ್ಗದ ಪ್ಲೈವುಡ್‌ನಲ್ಲೂ ಯೂರಿಯಾ ಫಾರ್ಮಾಲ್ಡಿಹೈಡ್ ಅಂಟೇ ಇರುತ್ತದೆ, ಅದರ ಪದರಗಳು ತೇವಕ್ಕೆ ಬಿಟ್ಟುಕೊಳ್ಳುತ್ತವೆ. ಕುದಿಯುವ ನೀರನ್ನೂ ತಾಳುವ ದರ್ಜೆಯದು, ಮರೈನ್ ಎಂದು ಹೆಸರಾದದ್ದು, ಫೀನಾಲ್ ಫಾರ್ಮಾಲ್ಡಿಹೈಡ್ ಅಂಟಿನದು. ಈ ಅಂಟಿನ ಗೆರೆ ಅಂಚಿನಲ್ಲಿ ಕಂದುಗಪ್ಪಾಗಿ ಕಾಣುತ್ತದೆ, ತೇವಕ್ಕೆ ಸುಲಭವಾಗಿ ಒಡೆಯುವುದಿಲ್ಲ, ಅನಿಲವನ್ನೂ ಬಹಳ ಕಡಿಮೆ ಬಿಡುತ್ತದೆ. ಅಗಲವಾದ ಹಲಗೆಯೇ ಬೇಕೆಂದಿದ್ದರೆ ಇದನ್ನು ಬಳಸಿ, ಕೊಯ್ದ ಅಂಚುಗಳನ್ನೆಲ್ಲ ಬಣ್ಣದಿಂದ ಮುಚ್ಚಿ.

ಹುಳು ಮತ್ತು ಕೊಳೆ ತಡೆಯಲೆಂದು ರಾಸಾಯನಿಕ ಕುಡಿಸಿದ ಮರದಲ್ಲಿ ನಾಲ್ಕನ್ನು ಬೇರೆಬೇರೆಯಾಗಿ ನೋಡಬೇಕು. ಕ್ರಿಯೊಸೋಟ್ ಕಲ್ಲಿದ್ದಲಿನ ಟಾರಿನಿಂದ ಇಳಿಸಿದ ಎಣ್ಣೆ; ರೈಲ್ವೆ ಸ್ಲೀಪರುಗಳ ಕಪ್ಪು ಬಣ್ಣ, ಕಟುವಾದ ವಾಸನೆ ಅದರದ್ದೇ. ಅದರ ಆವಿ ಮುಚ್ಚಿದ ಜಾಗದಲ್ಲಿ ಎಲೆಗಳನ್ನು ಸುಡುತ್ತದೆ, ಆದ್ದರಿಂದ ಹಳೆಯ ಸ್ಲೀಪರ್ ಎಷ್ಟೇ ಗಟ್ಟಿಯಾಗಿ ಕಂಡರೂ ಒಳಗೆ ತರಬೇಡಿ. ಪೆಂಟಾಕ್ಲೋರೊಫೀನಾಲ್ ಎಂಬುದೂ ಹಾಗೆಯೇ ಆವಿಯಾಗಿ ಗಿಡಗಳನ್ನು ಕೆಡಿಸುವ ವಸ್ತು. 2015ರಲ್ಲಿ, ಪರಿಸರದಲ್ಲಿ ಬಹುಕಾಲ ಉಳಿಯುವ ವಿಷಗಳನ್ನು ತಡೆಯುವ ಅಂತರರಾಷ್ಟ್ರೀಯ ಸ್ಟಾಕ್‌ಹೋಮ್ ಒಪ್ಪಂದದ ನಿರ್ಮೂಲನ ಪಟ್ಟಿಗೆ ಸೇರಿದ್ದರೂ ಹಳೆಯ ಕಂಬ, ತೊಲೆಗಳಲ್ಲಿ ಅದು ಇನ್ನೂ ಉಳಿದಿದೆ. ಕ್ರೋಮಿಯಂ, ತಾಮ್ರ ಮತ್ತು ಆರ್ಸೆನಿಕ್ ಮೂರೂ ಸೇರಿದ, ಸಿ.ಸಿ.ಎ. ಎಂದು ಕರೆಯುವ ಲವಣ ಆವಿಯಾಗುವುದಿಲ್ಲ, ಆದರೆ ಒದ್ದೆಯಾದಾಗ ಅದರ ಆರ್ಸೆನಿಕ್ ಸ್ವಲ್ಪಸ್ವಲ್ಪವಾಗಿ ಮಣ್ಣಿಗೆ ಇಳಿಯುತ್ತದೆ. ಅಮೆರಿಕದಲ್ಲಿ 2003ರ ಕೊನೆಗೆ ಮನೆಬಳಕೆಯ ಮರಕ್ಕೆ ಅದನ್ನು ಕುಡಿಸುವುದನ್ನು ನಿಲ್ಲಿಸಲಾಯಿತು. ಮರದ ಮೈಯಲ್ಲಿ ಹಸಿರು ಛಾಯೆಯಿದ್ದು ಅದರ ಮೂಲ ತಿಳಿಯದಿದ್ದರೆ, ತಿನ್ನುವ ಬೆಳೆಯ ಮಣ್ಣಿಗೆ ಅದು ತಾಗದಿರಲಿ. ನಾಲ್ಕನೆಯದು ಈಗ ಅದರ ಜಾಗಕ್ಕೆ ಬಂದಿರುವ, ಆರ್ಸೆನಿಕ್ ಇಲ್ಲದ ತಾಮ್ರದ ಮಿಶ್ರಣಗಳು. ಚೌಕಟ್ಟಿಗೆ ಇವು ಅಡ್ಡಿಯಿಲ್ಲ; ಆದರೆ ತಾಮ್ರ ಸಾಮಾನ್ಯ ಉಕ್ಕಿನ ಸ್ಕ್ರೂಗಳನ್ನು ಬೇಗ ತಿಂದುಹಾಕುವುದರಿಂದ ದಪ್ಪ ಸತುವಿನ ಲೇಪವಿರುವ ಅಥವಾ ಸ್ಟೇನ್‌ಲೆಸ್ ಸ್ಟೀಲಿನ ಸ್ಕ್ರೂಗಳನ್ನೇ ಹಾಕಬೇಕು. ಒಳಾಂಗಣದಲ್ಲಿ ಮರವನ್ನು ಒಣಗಿರುವಂತೆ ನೋಡಿಕೊಳ್ಳುವವರಿಗೆ ಯಾವ ರಾಸಾಯನಿಕ ಮರವೂ ಬೇಕಾಗುವುದಿಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ. ತೇಗದಂತಹ ಮರಗಳ ಚೇಗಿನಲ್ಲಿ, ಅಂದರೆ ನಡುವಿನ ಗಟ್ಟಿ ಭಾಗದಲ್ಲಿ, ಕೊಳೆಯನ್ನು ತಡೆಯುವ ಗುಣ ಸಹಜವಾಗಿಯೇ ಇರುತ್ತದೆ.

ಸರಕು ಸಾಗಿಸಿದ ಹಳೆಯ ಪ್ಯಾಲೆಟ್‌ಗಳನ್ನು ಬಿಚ್ಚಿ ಹಲಗೆ ಮಾಡಿಕೊಳ್ಳುವವರೂ ಇದ್ದಾರೆ. ದೇಶದಿಂದ ದೇಶಕ್ಕೆ ಹೋಗುವ ಪ್ಯಾಲೆಟ್‌ಗಳ ಮೇಲೆ ಸುಟ್ಟೊತ್ತಿದ ಮುದ್ರೆಯಲ್ಲಿ ಎಚ್.ಟಿ. ಎಂದಿದ್ದರೆ ಮರದ ಒಳಭಾಗವನ್ನು 30 ನಿಮಿಷ 56 ಡಿಗ್ರಿಯಲ್ಲಿ ಕಾಯಿಸಿದ್ದಾರೆಂದು ಅರ್ಥ, ಎಂ.ಬಿ. ಎಂದಿದ್ದರೆ ಮೀಥೈಲ್ ಬ್ರೋಮೈಡ್ ಎಂಬ ಹುಳು ಕೊಲ್ಲುವ ವಿಷಾನಿಲದ ಹೊಗೆ ಹಾಕಿದ್ದಾರೆಂದು ಅರ್ಥ. ಎರಡನೆಯದನ್ನು ಬಿಟ್ಟುಬಿಡಿ. ಮೊದಲನೆಯದರ ಮೇಲೂ ಹಿಂದೆ ಏನು ಚೆಲ್ಲಿತ್ತು ಎಂಬುದನ್ನು ಮುದ್ರೆ ಹೇಳುವುದಿಲ್ಲವಾದ್ದರಿಂದ, ಕಲೆಯೋ ವಾಸನೆಯೋ ಇರುವುದನ್ನು ತಿನ್ನುವ ಗಿಡಗಳ ಬಳಿ ಇಡಬೇಡಿ.

ಮರದ ಬದಲು ಪ್ಲಾಸ್ಟಿಕ್ ಹಾಕಿದರೆ ವಿಷದ ಭಯವೇ ಇಲ್ಲ ಎಂದು ತಿಳಿಯುವುದೂ ತಪ್ಪು. ಪ್ಲಾಸ್ಟಿಕ್ಕನ್ನು ಮೆತ್ತಗಾಗಿಸಲು ಸೇರಿಸುವ ಡೈಬ್ಯುಟೈಲ್ ಥ್ಯಾಲೇಟ್ ಎಂಬ ವಸ್ತು ಆವಿಯಾಗಿ ಗಾಜುಮನೆಯ ಗಿಡಗಳ ಹೊಸ ಎಲೆಗಳನ್ನು ಬಿಳಿಚಿಸಿ ಬೆಳವಣಿಗೆಯನ್ನೇ ನಿಲ್ಲಿಸಿದ್ದು ದಾಖಲಾಗಿರುವ ಸಂಗತಿ. ಮರವಾಗಲಿ, ಬಣ್ಣವಾಗಲಿ, ಪ್ಲಾಸ್ಟಿಕ್ ಹಾಳೆಯಾಗಲಿ, ಅನುಮಾನ ಬಂದರೆ ಮನೆಯಲ್ಲೇ ಒಂದು ಪರೀಕ್ಷೆ ಮಾಡಬಹುದು. ಮುಚ್ಚಳವಿರುವ ಎರಡು ಗಾಜಿನ ಜಾಡಿಗಳಲ್ಲಿ ಒದ್ದೆ ಕಾಗದ ಹಾಸಿ, ಎರಡರಲ್ಲೂ ಅಷ್ಟಷ್ಟೇ ಸಾಸಿವೆ ಕಾಳು ಉದುರಿಸಿ. ಒಂದರಲ್ಲಿ ಮಾತ್ರ ಆ ವಸ್ತುವಿನ ತುಂಡನ್ನು ಕಾಳಿಗೆ ತಾಗದಂತೆ ಇಟ್ಟು, ಎರಡನ್ನೂ ಮುಚ್ಚಿ ಬೆಚ್ಚಗಿರುವ, ಬೆಳಕಿರುವ ಜಾಗದಲ್ಲಿ ಒಂದು ವಾರ ಬಿಡಿ. ಆ ತುಂಡಿರುವ ಜಾಡಿಯ ಮೊಳಕೆಗಳು ಮಾತ್ರ ಕುಗ್ಗಿದ್ದರೆ, ಸುರುಟಿದ್ದರೆ ಅಥವಾ ಬಿಳಿಚಿಕೊಂಡಿದ್ದರೆ ಆ ವಸ್ತು ಕೋಣೆಯೊಳಗೆ ಬರಬಾರದು. ಈ ಪರೀಕ್ಷೆ ಆವಿಯಾಗುವ ವಿಷವನ್ನಷ್ಟೇ ತೋರಿಸುತ್ತದೆ, ಆರ್ಸೆನಿಕ್‌ನಂತಹ ಲವಣವನ್ನು ತೋರಿಸುವುದಿಲ್ಲ ಎಂಬುದು ನೆನಪಿರಲಿ.

ಬಣ್ಣದ ವಿಷಯದಲ್ಲಿ ನೀರಿನಲ್ಲಿ ಕಲಸುವ, ಹೊಳಪಿಲ್ಲದ ಬಿಳಿ ಅಕ್ರಿಲಿಕ್ ಬಣ್ಣ ಸಾಕು. ಅದು ಮರವನ್ನು ರಕ್ಷಿಸುವುದರ ಜೊತೆಗೆ ಬಳಿಯದ ಮರ ಹೀರಿಬಿಡುತ್ತಿದ್ದ ಬೆಳಕನ್ನು ಗಿಡಗಳ ಕಡೆಗೆ ತಿರುಗಿಸುತ್ತದೆ. ಮರಳುಕಾಗದದಿಂದ ಉಜ್ಜಿ, ಪ್ರೈಮರ್ ಹಾಕಿ, ಎರಡು ಸಲ ಬಳಿಯಿರಿ. ಹಲಗೆಯ ಒಂದೇ ಮುಖಕ್ಕೆ ಬಳಿದರೆ ಬಳಿಯದ ಮುಖ ಮಾತ್ರ ತೇವ ಕುಡಿದು ಹಿಗ್ಗಿ ಹಲಗೆ ಬಾಗುತ್ತದೆ, ಆದ್ದರಿಂದ ಆರೂ ಮುಖಗಳಿಗೆ ಬಳಿಯಬೇಕು. ಬಣ್ಣದ ವಾಸನೆ ಪೂರ್ತಿ ಹೋಗುವವರೆಗೆ, ಅಂದರೆ ಎರಡು ಮೂರು ವಾರ, ಗಿಡಗಳನ್ನು ಬೇರೆಡೆ ಇಡಿ. ಬಣ್ಣದ ಬದಲು ಅಗಸೆ ಎಣ್ಣೆ ಹಚ್ಚಲು ಬಯಸುವವರು ಒಂದು ಮಾತನ್ನು ಖಂಡಿತ ಪಾಲಿಸಬೇಕು: ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಬಿಸಾಡಬೇಡಿ. ಆ ಎಣ್ಣೆ ಒಣಗುವಾಗ ಗಾಳಿಯ ಆಮ್ಲಜನಕದೊಂದಿಗೆ ಸೇರಿ ಶಾಖ ಹುಟ್ಟಿಸುತ್ತದೆ, ಮುದ್ದೆಯೊಳಗೆ ಆ ಶಾಖಕ್ಕೆ ಹೊರಬರಲು ದಾರಿಯಿಲ್ಲದೆ ಬಟ್ಟೆ ತಾನಾಗಿಯೇ ಹೊತ್ತಿಕೊಳ್ಳಬಹುದು. ಅದನ್ನು ಬಯಲಿನಲ್ಲಿ ಹರಡಿ ಒಣಗಿಸಿ, ಇಲ್ಲವೇ ನೀರು ತುಂಬಿದ ತಗಡಿನ ಡಬ್ಬಿಯಲ್ಲಿ ಮುಳುಗಿಸಿಡಿ.

ಬೆಂಕಿಯ ವಿಷಯಕ್ಕೆ ಬರುತ್ತೇನೆ. ಮರದ ಮೈ ಸುಮಾರು 300 ಡಿಗ್ರಿಗೂ ಮೀರಿ ಕಾದಿರುವಾಗ ಕಿಡಿ ತಗಲಿದರೆ ಅದು ಹೊತ್ತಿಕೊಳ್ಳುತ್ತದೆ. ಸೋಡಿಯಂ ಆವಿಯ ದೊಡ್ಡ ದೀಪಗಳ ಗಾಜು ಅಷ್ಟು ಬಿಸಿಯಾಗಬಲ್ಲದು. ಅಂತಹ ದೀಪ ತೂಗುವ ಕೊಂಡಿ ಜಾರಿ ಹಲಗೆಯ ಮೇಲೆ ಬಿದ್ದರೆ ಪರಿಣಾಮ ಏನೆಂದು ವಿವರಿಸಬೇಕಿಲ್ಲ. ಎಲ್.ಇ.ಡಿ. ದೀಪಗಳ ಹಿಂಬದಿಯ ಲೋಹ ಸರಿಯಾಗಿ ಗಾಳಿಯಾಡುತ್ತಿದ್ದರೆ ಸಾಮಾನ್ಯವಾಗಿ 50ರಿಂದ 70 ಡಿಗ್ರಿಯೊಳಗೇ ಇರುತ್ತದೆ. ದೀಪ ಅಥವಾ ಅದರ ಡ್ರೈವರ್ (ದೀಪಕ್ಕೆ ತಕ್ಕ ವಿದ್ಯುತ್ ಒದಗಿಸುವ ಸಣ್ಣ ಪೆಟ್ಟಿಗೆ) ಕೂರುವ, ಉರಿಯಬಲ್ಲ ಮೇಲ್ಮೈ 90 ಡಿಗ್ರಿ ಮೀರಬಾರದು ಎಂಬುದು ದೀಪಗಳ ಸುರಕ್ಷತಾ ಮಾನದಂಡಗಳಲ್ಲಿರುವ ಮಿತಿ. ಮರ ದೀರ್ಘಕಾಲ ಅದಕ್ಕಿಂತ ಹೆಚ್ಚಿನ ಶಾಖದಲ್ಲಿದ್ದರೆ ಹೊತ್ತಿಕೊಳ್ಳದಿದ್ದರೂ ಕಂದುಗಟ್ಟಿ, ಬಲ ಕಳೆದುಕೊಳ್ಳುತ್ತಾ ಹೋಗುತ್ತದೆ. ಡ್ರೈವರ್‌ಗಳನ್ನು ನೇರವಾಗಿ ರೀಪಿಗೆ ಬಿಗಿಯದೆ, ಸಿಮೆಂಟ್ ಶೀಟಿನ ತುಂಡನ್ನು ನಡುವೆ ಇಟ್ಟು, ಸುತ್ತ ಗಾಳಿಯಾಡುವಂತೆ ಬಿಗಿಯಿರಿ.

ದೀಪದ ಶಾಖಕ್ಕಿಂತಲೂ ನಾನು ಹೆಚ್ಚು ಹೆದರುವುದು ಸಡಿಲವಾದ ವಿದ್ಯುತ್ ಜೋಡಣೆಗೆ. ಪ್ಲಗ್ಗಿನಲ್ಲೋ ಎಕ್ಸ್‌ಟೆನ್ಷನ್ ಬಾಕ್ಸಿನಲ್ಲೋ ತಂತಿ ಸಡಿಲವಾದರೆ ಅಷ್ಟೇ ಜಾಗದಲ್ಲಿ ಶಾಖ ಕೇಂದ್ರೀಕರಿಸಿ ಪ್ಲಾಸ್ಟಿಕ್ ಕರಗುತ್ತದೆ. ದಿನಕ್ಕೆ 14, 16 ಗಂಟೆ ದೀಪ ಉರಿಯುವ ಕೋಣೆಯಲ್ಲಿ ಅದಕ್ಕೆ ತಣಿಯುವ ಬಿಡುವೂ ಸಿಗುವುದಿಲ್ಲ. ದೀಪ ಉರಿದು ಕೆಲವು ಗಂಟೆಗಳಾದ ಮೇಲೆ ಪ್ಲಗ್ಗಿನ ಹೊರಮೈಯನ್ನು ಮುಟ್ಟಿ ನೋಡಿ. ಕೈ ಇಡಲಾಗದಷ್ಟು ಬಿಸಿಯಿದ್ದರೆ ಮುಖ್ಯ ಸ್ವಿಚ್ ಆರಿಸಿ ಎಲೆಕ್ಟ್ರಿಷಿಯನ್ನರನ್ನು ಕರೆಯಿರಿ. ಎಕ್ಸ್‌ಟೆನ್ಷನ್ ಬಾಕ್ಸ್ ಟ್ರೇಗಳಿಗಿಂತ ಮೇಲಿನ ಮಟ್ಟದಲ್ಲಿರಲಿ. ತಂತಿ ಬಾಕ್ಸಿಗಿಂತ ಕೆಳಗೆ ಒಮ್ಮೆ ಇಳಿದು ಮತ್ತೆ ಮೇಲೇರುವಂತಿದ್ದರೆ ಅದರ ಮೇಲೆ ಹರಿದ ನೀರು ಆ ತಗ್ಗಿನಲ್ಲೇ ತೊಟ್ಟಿಕ್ಕುತ್ತದೆ. ಸೋರಿಕೆಯಾದಾಗ 30 ಮಿಲಿ ಆಂಪಿಯರಿಗೇ ವಿದ್ಯುತ್ ಕಡಿಯುವ ಸಾಧನವನ್ನು ಈ ಕೋಣೆಯ ಲೈನಿಗೆ ಹಾಕಿಸಿ. ದೀಪ ತೂಗುವ ಕೊಕ್ಕೆಯನ್ನು ರೀಪಿನ ಅಡ್ಡ ಕೊಯ್ದ ತುದಿಗೆ ತಿರುಗಿಸಬೇಡಿ, ಅಲ್ಲಿ ಸ್ಕ್ರೂವಿನ ಹಿಡಿತ ದುರ್ಬಲ. ರೀಪನ್ನು ಆರಪಾರು ಕೊರೆದು ನಟ್ಟು ಬೋಲ್ಟು ಹಾಕಿ. ಗಾಳಿಯ ತೇವ ಏರಿಳಿದಂತೆ ಮರ ಹಿಗ್ಗಿ ಕುಗ್ಗುವುದರಿಂದ ಕೆಲವು ತಿಂಗಳಿಗೊಮ್ಮೆ ಅವನ್ನು ಬಿಗಿ ಮಾಡುತ್ತಿರಬೇಕು.

ಸ್ವಚ್ಛತೆಯಲ್ಲಿ ಮಾತ್ರ ಮರ ಲೋಹಕ್ಕೆ ಸರಿಸಾಟಿಯಲ್ಲ, ಇದನ್ನು ಒಪ್ಪಿಕೊಳ್ಳಲೇಬೇಕು. ಸಸಿಗಳ ಬುಡ ಕೊಳೆಸುವ ಪಿಥಿಯಂ, ರೈಜೊಕ್ಟೋನಿಯಾ ಮುಂತಾದವು ಮರದ ಬಿರುಕಿನಲ್ಲಿ ಸಿಕ್ಕಿದ ಮಣ್ಣಿನಲ್ಲಿ ಮುಂದಿನ ಬೆಳೆಯವರೆಗೂ ಉಳಿಯುತ್ತವೆ, ನುಸಿಗಳೂ ಅಲ್ಲಿ ಅಡಗುತ್ತವೆ. ಬ್ಲೀಚಿಂಗ್ ದ್ರಾವಣ ಮಣ್ಣಿಗೂ ಮರಕ್ಕೂ ತಾಗಿದೊಡನೆ ತನ್ನ ಶಕ್ತಿಯ ದೊಡ್ಡ ಪಾಲನ್ನು ಕಳೆದುಕೊಳ್ಳುವುದರಿಂದ, ಮೊದಲು ಬ್ರಷ್ಷಿನಿಂದ ಕೊಳಕು ತೆಗೆದು, ಸಾಬೂನು ನೀರಿನಿಂದ ತೊಳೆದು, ಆಮೇಲೆ ಅದನ್ನು ಬಳಸಿ, ಪೂರ್ತಿ ಒಣಗಿಸಿ. ಆಮ್ಲದೊಂದಿಗಾಗಲಿ ಅಮೋನಿಯಾದೊಂದಿಗಾಗಲಿ ಅದನ್ನು ಎಂದೂ ಬೆರೆಸಬಾರದು, ವಿಷಾನಿಲ ಏಳುತ್ತದೆ. ಬಿರುಕುಗಳನ್ನು ಪುಟ್ಟಿಯಿಂದ ತುಂಬಿ ಬಣ್ಣ ಬಳಿದ ಮರದಲ್ಲಿ ಈ ಕೆಲಸ ಬಹಳ ಹಗುರವಾಗುತ್ತದೆ. ಕುಟ್ಟೆ ಹಿಡಿದ ಅಥವಾ ಗೆದ್ದಲು ಕಂಡ ಮರವನ್ನು ಮನೆಯೊಳಗೇ ತರಬೇಡಿ.

ಹೊಸ ಶೆಲ್ಫ್ ಮಾಡಿಸುವಾಗ ತೂಕವನ್ನು ಬಡಗಿಗೆ ಮೊದಲೇ ತಿಳಿಸಿ. ಒಂದು ಲೀಟರ್ ನೀರು ಒಂದು ಕಿಲೋ. 20 ಲೀಟರ್ ಹಿಡಿಯುವ ಟ್ರೇ ತುಂಬಿದಾಗ ಗಿಡ, ಮಣ್ಣು ಬಿಟ್ಟೇ 20 ಕಿಲೋ ಆಗುತ್ತದೆ. ತೇವ ಕುಡಿದ ಮರ ಒಣಮರಕ್ಕಿಂತ ದುರ್ಬಲ, ಸದಾ ಭಾರ ಹೊತ್ತರೆ ಮೆಲ್ಲನೆ ಬಾಗುತ್ತದೆ. 18 ಮಿಲಿಮೀಟರ್ ದಪ್ಪದ ಹಲಗೆಯಾದರೆ 60 ಸೆಂಟಿಮೀಟರಿಗೊಂದು ಆಧಾರವಿರಲಿ.

ತೆಗೆದುಹಾಕಿದ ಪಾರ್ಟಿಕಲ್ ಬೋರ್ಡನ್ನಾಗಲಿ, ರಾಸಾಯನಿಕ ಕುಡಿಸಿದ ಅಥವಾ ಬಣ್ಣ ಬಳಿದ ಹಳೆಯ ಮರವನ್ನಾಗಲಿ ಒಲೆಗೆ ಹಾಕಬೇಡಿ, ಪುಡಿ ಮಾಡಿ ಕುಂಡಗಳಿಗೆ ಹೊದಿಕೆಯಾಗಿಯೂ ಬಳಸಬೇಡಿ. ಅಂಟು ಉರಿದಾಗ ಬರುವ ಹೊಗೆ ವಿಷಕಾರಿ, ಸಿ.ಸಿ.ಎ. ಮರದ ಬೂದಿಯಲ್ಲಿ ಆರ್ಸೆನಿಕ್ ಸಾಂದ್ರವಾಗಿ ಉಳಿಯುತ್ತದೆ. ಸ್ಥಳೀಯ ಆಡಳಿತದ ಕಸ ಸಂಗ್ರಹಣೆಗೆ ಅದನ್ನು ಬೇರೆಯಾಗಿ ಕಟ್ಟಿ, ಏನೆಂದು ಹೇಳಿ ಕೊಡಿ.